ಲೈಬ್ರರಿಯ ಬೀಗದೊಳಗೆ ಉಪ್ಪು, ಸಕ್ಕರೆ

ವೀರಭದ್ರಪ್ಪನವರು ಕಿರುಚಿದರು.

ಅದರಲ್ಲೇನು ವಿಶೇಷ ಅಂತೀರಾ? ನಿಮಗೆ ಅವರ ಪರಿಚಯವಿಲ್ಲ, ಅದಕ್ಕೇ ಹಾಗಂತೀರಿ. ಹೈದರಾಬಾದಿನ ಹಿಮಾಯತ್‌ನಗರದಲ್ಲಿ, ಒಂದು ಹಳೇ ಕಟ್ಟಡದ ನೆಲಮಹಡಿಯಲ್ಲಿ ನಮ್ಮ ಕನ್ನಡಿಗರದೊಂದು ಪುಟ್ಟ ಲೈಬ್ರರಿ ಇದೆ. ಅದರ ಲೈಬ್ರರಿಯನ್ ಅವರು. ಬೀದರ್ ಕಡೆಯವರು. ಸರ್ಕಾರಿ ಆಫೀಸಿನಿಂದ ರಿಟೈರ್ ಆದಮೇಲೆ ಸಂಬಳವಿಲ್ಲದೆ ಈ ಕುರ್ಚಿಯಲ್ಲಿ ಕೂತವರು. ಕುರ್ಚಿಯ ಹಿಂದಿನ ಗೋಡೆಗೆ ‘ನಿಶ್ಶಬ್ದವಾಗಿರಿ’ ಎಂಬ ಬೋರ್ಡು. ಯಾರಾದರೂ ಜೋರಾಗಿ ಸೀನಿದರೂ ಕನ್ನಡಕದ ಮೇಲಿಂದ ನೋಡುತ್ತಾರೆ. ಪೇಪರ್ ಮಡಚುವ ಸದ್ದು ಜಾಸ್ತಿಯಾದರೆ ಪೆನ್ಸಿಲಿನಿಂದ ಟೇಬಲ್ ತಟ್ಟುತ್ತಾರೆ. (ಪೆನ್ಸಿಲಿನ ಸದ್ದು ಅವರ ಪ್ರಕಾರ ಸದ್ದಲ್ಲ.) ಮನೆಯಿಂದ ಫೋನ್ ಮಾಡಿದಾಗಲೂ ಪಿಸುಗುಡುವ ಮನುಷ್ಯ.

ಅಂಥವರು ಈ ಸಲದ ಮಳೆಯಲ್ಲಿ, ಫೋನಿನಲ್ಲಿ, ನನ್ನ ಕಿವಿಯ ತಮಟೆ ಹರಿಯುವ ಹಾಗೆ ಕಿರುಚಿದರು. ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹೋದ ವರ್ಷ ಮಳೆಗಾಲ ಮುಗಿದ ಮೇಲೆ ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ಒಬ್ಬರು ನಮ್ಮ ಲೈಬ್ರರಿಗೆ ಬಂದಿದ್ದರು. ಅರ್ಧ ಹಿಂದಿ, ಅರ್ಧ ತೆಲುಗಿನಲ್ಲಿ ಅವರು ಹೇಳಿದ್ದು ಇಷ್ಟು: ನೀರು ನುಗ್ಗಿದ ದಿನ ಆಸ್ಪತ್ರೆ ಇದ್ದಕ್ಕಿದ್ದ ಹಾಗೆ ದೂರ ಆಗಿಬಿಡುತ್ತದೆ. ಮೊಬೈಲಿನಲ್ಲಿ ಬರೋದರಲ್ಲಿ ಯಾವುದು ಖರೆ, ಯಾವುದು ಗಾಳಿಸುದ್ದಿ ಗೊತ್ತಾಗುವುದಿಲ್ಲ. ಆದರೆ ಊರಿನ ಮೂಲೆಮೂಲೆಯಲ್ಲೂ ಸಣ್ಣಪುಟ್ಟ ಲೈಬ್ರರಿಗಳಿವೆ, ಜನಕ್ಕೆ ಅವುಗಳ ಮೇಲೆ ನಂಬಿಕೆ ಇದೆ. ನೀವೆಲ್ಲ ಒಬ್ಬರಿಗೊಬ್ಬರು ಸಂಪರ್ಕದಲ್ಲಿದ್ದು, ಸರಿಯಾದ ಆರೋಗ್ಯ ಮಾಹಿತಿಯನ್ನು ಮೊದಲೇ ಇಟ್ಟುಕೊಂಡಿದ್ದರೆ ಎಷ್ಟು ಅನುಕೂಲ ಅಲ್ವಾ?

ಅನುಕೂಲವೇ! ನಾವೆಲ್ಲ ಜೋರಾಗಿ ತಲೆಯಾಡಿಸಿದೆವು. (ಸದ್ದಿಲ್ಲದೆ.)

ಹಾಗೆ ಶುರುವಾಯಿತು ನಮ್ಮ ‘ನೆಟ್‌ವರ್ಕ್’. ಉಪ್ಪಲ್‌ನ ಒಂದು ತೆಲುಗು ಲೈಬ್ರರಿ, ನಾಂಪಲ್ಲಿಯ ಒಂದು ಉರ್ದು ವಾಚನಾಲಯ, ನಮ್ಮದು, ಇನ್ನೂ ಕೆಲವು. ಫೋನ್ ನಂಬರು ಬದಲಾಯಿಸಿಕೊಂಡೆವು. ವಾಟ್ಸ್ಯಾಪ್ ಗ್ರೂಪ್ ಆಯಿತು. ಗ್ರೂಪಿನಲ್ಲಿ ದಿನಾ ಬೆಳಿಗ್ಗೆ ಸೂರ್ಯಕಾಂತಿ ಹೂವು, ಸಂಜೆ ದೀಪ. ಅಷ್ಟರ ಮಧ್ಯೆ ಒಂದು ಒಳ್ಳೇ ಕೆಲಸವೂ ಆಯಿತು. ಪ್ರವಾಹದ ಹೊತ್ತಿನಲ್ಲಿ ಮನೆಯಲ್ಲಿ ಏನು ಮಾಡಬೇಕು ಎಂಬ ಕರಪತ್ರವನ್ನು ಡಾಕ್ಟರಮ್ಮ ತಯಾರಿಸಿ ಕೊಟ್ಟರು. ಕುಡಿಯುವ ನೀರು, ಜ್ವರ, ಹಾವು ಕಡಿತ, ಕರೆಂಟಿಲ್ಲದಾಗ ಇನ್ಸುಲಿನ್ ಇಡುವ ಬಗೆ, ಮಕ್ಕಳ ಭೇದಿ. ಅದನ್ನೇ ಎಲ್ಲರೂ ತಮ್ಮ ತಮ್ಮ ಭಾಷೆಗೆ ಇಳಿಸಿಕೊಳ್ಳುವುದು ಅಂತ ತೀರ್ಮಾನವಾಯಿತು.

ನಮ್ಮ ಕನ್ನಡದ ಕರಪತ್ರಕ್ಕೆ ಮೀಟಿಂಗ್ ಮೇಲೆ ಮೀಟಿಂಗ್. ‘ಭೇದಿ’ ಅನ್ನಬೇಕೋ ‘ಅತಿಸಾರ’ ಅನ್ನಬೇಕೋ ಎಂಬುದಕ್ಕೇ ಒಂದು ಇಡೀ ಸಂಜೆ ಹೋಯಿತು. ಅತಿಸಾರದ ಪರ ವಾದಿಸಿದವರು ಪೇಪರ್ ಓದಲು ಬರುವ ದೇಶಪಾಂಡೆಯವರು. ಭೇದಿ ಗೆದ್ದಿತು. ಪ್ರೂಫ್ ತಿದ್ದಿದ್ದು ನಾನು. ಒಂದೇ ಒಂದು ಅಕ್ಷರ ತಪ್ಪಿಲ್ಲ ಅಂತ ಎಲ್ಲರೂ ಹೊಗಳಿದರು, ನಾನೂ ಉಬ್ಬಿದೆ.

ಅಚ್ಚಾದ ಕಟ್ಟುಗಳು ಲೈಬ್ರರಿಗೆ ಬಂದವು. ವೀರಭದ್ರಪ್ಪನವರು ತಮ್ಮ ಪದ್ಧತಿಯಂತೆ ಪ್ರತಿಯೊಂದು ಹಾಳೆಗೂ ಲೈಬ್ರರಿಯ ಸೀಲು ಹೊಡೆದರು. ಕೆಲವನ್ನು ಸೇರಿಸಿ ಹೊಲಿದು, ಕಂದು ಕಾಗದದ ರಟ್ಟು ಹಾಕಿ, ನಂಬರು ಕೊಟ್ಟು, ‘ಹೊರಗೆ ಒಯ್ಯುವಂತಿಲ್ಲ’ ಎಂದು ಬರೆದರು. ಉಳಿದವನ್ನು ಸುತಳಿಯಿಂದ ಕಟ್ಟಿದರು. ಎಲ್ಲವನ್ನೂ ಅಲ್ಮಾರಿಯಲ್ಲಿಟ್ಟರು. ಬೀಗ ಹಾಕಿದರು.

“ಸರ್, ಅವು ಹಂಚಾಕ ಅಲ್ರೀ?” ಎಂದೆ.

ಅವರು ಪಿಸುಗುಟ್ಟಿದರು. “ಹೊರಗಿಟ್ರ ಮಿರ್ಚಿ ಭಜಿ ಕಟ್ಟಾಕ ಒಯ್ತಾರ್ರಿ ಮೇಡಮ್ಮಾರ. ಬೇಕಾದವ್ರು ಬಂದು ಇಲ್ಲೇ ಕೂತು ಓದ್ಲಿ. ಎಲ್ಲಿಗಿ ಹೋಗ್ತಾವ ಅವು?”

ನಗಬೇಡಿ. ಅವರ ಬೀಗಕ್ಕೆ ಒಂದು ಕಾರಣವಿದೆ. ಈ ಊರಿನಲ್ಲಿ ಒಂದು ಕನ್ನಡ ಪುಸ್ತಕ ಕಳೆದುಹೋದರೆ ಅದರ ಇನ್ನೊಂದು ಪ್ರತಿ ಬೇಕೆಂದು ಯಾವ ಅಂಗಡಿಗೆ ಹೋಗುತ್ತೀರಿ? ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಸ್ಕೂಲಿನಲ್ಲಿ ಇಂಗ್ಲಿಷ್ ಮಾತಾಡಿಕೊಂಡು ಬೆಳೆದವರು. ಅವರಿಗೂ ನಾಲ್ಕು ಕನ್ನಡ ಕಥೆ ಓದಲು ಸಿಕ್ಕಿದ್ದು ಈ ಮನುಷ್ಯ ಒಂದೊಂದು ಪುಸ್ತಕವನ್ನೂ ಕಾದುಕೊಂಡು ಕೂತಿದ್ದರಿಂದ. ಆ ಬೀಗದಲ್ಲಿ ಪ್ರೀತಿಯೇ ಇತ್ತು. ನಾನೂ ಮತ್ತೆ ಮಾತಾಡಲಿಲ್ಲ. ಚಹಾ ಕುಡಿದು ಮನೆಗೆ ಬಂದೆ.

ಆಮೇಲೆ ಮಳೆ ಬಂತು.

ನಾನಿರುವುದು ಉಪ್ಪಲ್‌ನಲ್ಲಿ. ಈ ಊರಿನ ಮಳೆ ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ. ಇಲ್ಲಿ ಕೆರೆಗಳಿದ್ದ ಜಾಗದಲ್ಲಿ ನಾವಿದ್ದೇವೆ. ಮಳೆ ಜೋರಾದರೆ ಕೆರೆಗಳು ತಮ್ಮ ಜಾಗ ಹುಡುಕಿಕೊಂಡು ವಾಪಸ್ ಬರುತ್ತವೆ. ಮೊದಲ ದಿನವೇ ನಮ್ಮ ಗಲ್ಲಿಯಲ್ಲಿ ಮೊಣಕಾಲುದ್ದ ನೀರು. ಮರುದಿನ ಸೊಂಟದವರೆಗೆ. ಕರೆಂಟ್ ಹೋಯಿತು. ಇಂಟರ್‌ನೆಟ್ ಹೋಯಿತು. ಅಪಾರ್ಟ್‌ಮೆಂಟಿನ ಲಿಫ್ಟ್ ಒಳಗೆ ನೀರು. ಫೋನು ಮಾತ್ರ ಮನಸ್ಸು ಬಂದಾಗ ಹತ್ತುತ್ತಿತ್ತು.

ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಮಹಾದೇವಿ. ಭುಜದ ಮೇಲೆ ಮಗಳು ಭಾಗ್ಯಾ.

ಮಹಾದೇವಿ ಯಾದಗಿರಿ ಕಡೆಯವಳು. ನಮ್ಮ ಪಕ್ಕದ ಸೈಟಿನಲ್ಲಿ ಏಳುತ್ತಿರುವ ಕಟ್ಟಡದಲ್ಲಿ ಇಟ್ಟಿಗೆ ಹೊರುತ್ತಾಳೆ. ಅಲ್ಲೇ ಹಿಂದೆ ತಗಡಿನ ಶೆಡ್ಡಿನಲ್ಲಿ ಮನೆ. ನಮ್ಮ ನಲ್ಲಿಯಲ್ಲಿ ನೀರು ಹಿಡಿಯಲು ಬಂದಾಗ ನನ್ನ ಕನ್ನಡ ಕೇಳಿ “ಅಕ್ಕಾರ, ನೀವೂ ನಮ್ಮವ್ರೇ ಏನ್ರಿ?” ಎಂದು ಕಣ್ಣರಳಿಸಿದ್ದವಳು. ಸೆಂಟ್ರಿಂಗ್ ಕೆಲಸಕ್ಕೆ ಊರಿನ ಆ ತುದಿಗೆ ಹೋಗಿದ್ದ ಗಂಡ ಮಳೆಗೆ ಅಲ್ಲೇ ಸಿಕ್ಕಿಹಾಕಿಕೊಂಡಿದ್ದ. ಶೆಡ್ಡಿನೊಳಗೆ ನೀರು ಬಂದಿದ್ದರಿಂದ ಅವಳು, ಉಳಿದ ಹೆಂಗಸರು ಎಲ್ಲ ಅರ್ಧ ಕಟ್ಟಿದ ಕಟ್ಟಡದ ಮೊದಲ ಮಹಡಿಯಲ್ಲಿದ್ದರು.

“ಅಕ್ಕಾರ, ಒಂಚೂರು ಕಡಕ್ ಡಿಕಾಕ್ಷನ್ ಇದ್ರ ಕೊಡ್ರಿ. ಕೂಸಿಗಿ ನಿನ್ನಿಯಿಂದ ಜುಲಾಬ್ ಹತ್ತ್ಯಾವು.”

ಭೇದಿ! “ನೀರು ಕುಡಿಸೀಯೇನು?” ಎಂದೆ.

“ಇಲ್ರಿ. ನೀರು ಬಂದ್ ಮಾಡೀನಿ. ಕುಡಿಸಿದ್ರ ಮತ್ತ ಹೊಕ್ಕಾವಲ್ರಿ.”

ಕೂಸನ್ನು ನೋಡಿದೆ. ಎರಡು ವರ್ಷದ್ದು. ಯಾವಾಗಲೂ ನನ್ನ ಸೆರಗು ಜಗ್ಗುವ ಹುಡುಗಿ, ಬಟ್ಟೆಯ ಗಂಟಿನಂತೆ ಬಿದ್ದುಕೊಂಡಿದ್ದಳು. ತುಟಿ ಒಣಗಿತ್ತು. ಅತ್ತರೂ ಕಣ್ಣಲ್ಲಿ ನೀರಿರಲಿಲ್ಲ. ನನಗೆ ನಿಜವಾಗಿಯೂ ಭಯವಾಯಿತು.

ಆಂಬುಲೆನ್ಸಿಗೆ ಫೋನ್ ಹತ್ತಿತು. ನೀರು ಇಳಿಯುವವರೆಗೆ ಗಲ್ಲಿಯೊಳಗೆ ಗಾಡಿ ಬರುವುದಿಲ್ಲ ಎಂದರು. ಪಾಪ, ಅವರದೇನು ತಪ್ಪು? ಮೂಲೆಯ ಮೆಡಿಕಲ್ ಶಾಪಿನ ಶಟರ್ ಅರ್ಧದವರೆಗೆ ನೀರಿನಲ್ಲಿತ್ತು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಬ್ಬರು ಡಾಕ್ಟರ್ ಇದ್ದಾರೆ. (ಕಾಮರ್ಸಿನಲ್ಲಿ.)

ಉಪ್ಪು, ಸಕ್ಕರೆ, ನೀರು. ಅಷ್ಟು ನನಗೂ ಗೊತ್ತು. ನಿಮಗೂ ಗೊತ್ತು. ಟಿವಿಯಲ್ಲಿ ನೋಡಿದ್ದೇವೆ, ಸ್ಕೂಲಿನಲ್ಲಿ ಓದಿದ್ದೇವೆ. ಆದರೆ ಎಷ್ಟು ನೀರಿಗೆ ಎಷ್ಟು? ಉಪ್ಪು ಒಂದು ಚಮಚವೋ, ಎರಡೋ, ಒಂದು ಚಿಟಿಕೆಯೋ? ಉಪ್ಪು ಹೆಚ್ಚಾದರೆ ಮಗುವಿಗೆ ಇನ್ನೂ ಅಪಾಯ ಎಂಬ ಸಾಲು ಮಾತ್ರ ಚೆನ್ನಾಗಿ ನೆನಪಿತ್ತು. ಯಾಕೆ ನೆನಪಿತ್ತು? ‘ಅಪಾಯ’ದ ಮುಂದೆ ಪೂರ್ಣವಿರಾಮ ಬಿಟ್ಟುಹೋಗಿತ್ತು. ಪ್ರೂಫಿನಲ್ಲಿ ಹಾಕಿದ್ದು ನಾನೇ. ಅದರ ಹಿಂದಿನ ಸಾಲು ಏನಿತ್ತು?

ಖಾಲಿ. ತಲೆ ಪೂರ್ತಿ ಖಾಲಿ.

ವೀರಭದ್ರಪ್ಪನವರಿಗೆ ಫೋನ್ ಮಾಡಿದೆ. ಎಷ್ಟೋ ಸಲ ಪ್ರಯತ್ನಿಸಿದ ಮೇಲೆ ಹತ್ತಿತು.

“ಸರ್, ನಮ್ಮ ಕರಪತ್ರ ನಿಮ್ಮ ಮನ್ಯಾಗ ಐತೇನ್ರಿ?”

“ಮನ್ಯಾಗ ಹ್ಯಾಂಗ ಇರ್ತೈತ್ರಿ?” ಎಂದು ಪಿಸುಗುಟ್ಟಿದರು. “ಲೈಬ್ರರ್‍ಯಾಗ ಐತಿ. ಮೂರನೇ ಅಲ್ಮಾರಿ, ಮ್ಯಾಲಿನ ಖಾನಿ, ಎಡಗಡಿ. ಆದ್ರ ಹಿಮಾಯತ್‌ನಗರ ರೋಡ್ ಪೂರಾ ನೀರಾಗ ಐತ್ರಿ, ಹೋಗಾಕ ಆಗೂದಿಲ್ಲ.”

“ಎಲ್ಲೈತಿ ಅಂತ ಬ್ಯಾಡ್ರಿ ಸರ್. ಅದರಾಗ ಏನೈತಿ ಹೇಳ್ರಿ! ಕೂಸಿಗಿ ಜುಲಾಬ್ ಆದ್ರ ಉಪ್ಪು ಎಷ್ಟು, ಸಕ್ಕರಿ ಎಷ್ಟು?”

“ನಾ ಓದಿಲ್ರಿ,” ಎಂದರು.

ಪ್ರತಿಯೊಂದು ಹಾಳೆಗೂ ಸೀಲು ಹೊಡೆದವರು ಓದಿರಲಿಲ್ಲ. ಅಕ್ಷರ ಅಕ್ಷರ ತಿದ್ದಿದವಳಿಗೆ ನೆನಪಿರಲಿಲ್ಲ. ಅದನ್ನು ಯಾರಿಗಾಗಿ ಬರೆದಿದ್ದೆವೋ ಅವಳು ನನ್ನ ಎದುರಿಗೇ ನಿಂತಿದ್ದಳು. ಅಂಥದೊಂದು ಕಾಗದ ಇದೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ.

“ಫೋನ್ ಇಡಬ್ಯಾಡ್ರಿ!” ಎಂದರು ವೀರಭದ್ರಪ್ಪನವರು. ಹೆಂಡತಿಯ ಮೊಬೈಲ್ ತರಿಸಿಕೊಂಡರು. ಒಂದು ಕಿವಿಗೆ ನಾನು. ಇನ್ನೊಂದು ಕಿವಿಗೆ ಉಪ್ಪಲ್‌ನ ತೆಲುಗು ಲೈಬ್ರರಿಯ ಸುಜಾತಾ ಗಾರು. (ನನ್ನ ಮನೆಗೆ ಹತ್ತಿರವೇ ಇರುವ ಲೈಬ್ರರಿ. ನನ್ನ ಬಳಿ ಅವರ ನಂಬರಿರಲಿಲ್ಲ. ಸೂರ್ಯಕಾಂತಿ ಹೂವಿನ ಕಾಟಕ್ಕೆ ನಾನು ಗ್ರೂಪ್ ಬಿಟ್ಟಿದ್ದೆ.) ಅವರ ಲೈಬ್ರರಿ ಮಹಡಿಯ ಮೇಲಿದೆ. ನೀರು ಬಂದ ಮೇಲೆ ಆ ಬೀದಿಯ ಜನವೆಲ್ಲ ಅಲ್ಲೇ ಸೇರಿದ್ದರಂತೆ. ಫೋನಿನಿಂದ ಫೋನಿಗೆ ಹಾದು ನನ್ನವರೆಗೂ ಮಕ್ಕಳ ಅಳು, ಪಾತ್ರೆಯ ಸದ್ದು ಕೇಳುತ್ತಿತ್ತು.

ಆ ಗದ್ದಲದಲ್ಲಿ ಪಿಸುಗುಟ್ಟಿದರೆ ಯಾರಿಗೆ ಕೇಳೀತು? ವೀರಭದ್ರಪ್ಪನವರು ಮೊದಲ ಸಲ ಗಂಟಲು ತೆರೆದರು.

“ಸುಜಾತಾ ಗಾರೂ! ಪಿಲ್ಲಲಕಿ ವಿರೇಚನಾಲು! ಆ ಪೇಪರ್ ಚದವಂಡಿ!”

ಮಕ್ಕಳ ಭೇದಿಯ ಭಾಗ ಓದಿ ಅಂತ. ಅವರು ಓದಿದರು. ತೆಲುಗು ಒಂದು ಕಿವಿಯಿಂದ ಒಳಗೆ ಹೋಗಿ, ಕನ್ನಡವಾಗಿ ನನ್ನ ಕಿವಿಗೆ ಬಂತು, ಕಿರುಚಾಟವಾಗಿ.

“ಒಂದ್ ಲೀಟರ್ ನೀರು! ಬಾಟ್ಲಿ ಐತಿಲ್ಲ, ಒಂದ್ ಲೀಟರಿಂದು, ಅದು! ಕುದಿಸಿ ಆರಿಸಿದ್ದು! ಸಕ್ಕರಿ ಆರು ಸಣ್ಣ ಚಮಚಾ! ಉಪ್ಪು ಅರ್ಧಾ! ಅರ್ಧಾ ಸಣ್ಣ ಚಮಚಾ ಅಷ್ಟೇ! ಗುಡ್ಡಿ ಮಾಡಬ್ಯಾಡ್ರಿ, ಮಟ್ಟಸ ಇರ್ಲಿ! ಹೇಳ್ರಿ ನೋಡೂಣು, ಉಪ್ಪು ಎಷ್ಟು?”

“ಅರ್ಧ,” ಎಂದೆ.

“ಕೇಳಲಿಲ್ಲ! ಜೋರಾಗಿ!”

“ಅರ್ಧಾ!” ನಾನೂ ಕಿರುಚಿದೆ.

ಗ್ಯಾಸ್ ಇತ್ತು. ಬೆಳಿಗ್ಗೆ ಕುದಿಸಿಟ್ಟ ನೀರೂ ಇತ್ತು. ಎಣಿಕೆ ತಪ್ಪಿ ಸಕ್ಕರೆಯನ್ನು ಮತ್ತೆ ಮೊದಲಿಂದ ಎಣಿಸಿ ಹಾಕಬೇಕಾಯಿತು. ಬೆರೆಸಿ ಲೋಟಕ್ಕೆ ಹಾಕಿ ಮಹಾದೇವಿಗೆ ಕೊಟ್ಟರೆ ಅವಳು ಕೂಸನ್ನು ಇನ್ನಷ್ಟು ಅಪ್ಪಿಕೊಂಡು ಹಿಂದೆ ಸರಿದಳು.

“ಬ್ಯಾಡ್ರಿ ಅಕ್ಕಾರ. ನೀರು ಕೊಡಬ್ಯಾಡ ಅಂತ ನಮ್ಮತ್ತಿ ಹೇಳ್ಯಾಳ್ರಿ. ಏನಾರ ಹೆಚ್ಚುಕಮ್ಮಿ ಆದ್ರ ಅವ್ರಪ್ಪಗ ಏನು ಹೇಳ್ಲಿ?”

ಅವಳ ಕಣ್ಣಲ್ಲಿದ್ದದ್ದು ಹಟವಲ್ಲ, ಭಯ. ನಾನು ಏನು ಹೇಳಿದರೂ ತಲೆ ಅಲ್ಲಾಡಿಸುತ್ತಿದ್ದಳು. ಕೊನೆಗೆ ಫೋನನ್ನು ಸ್ಪೀಕರಿಗೆ ಹಾಕಿ ಅವಳ ಮುಂದೆ ಹಿಡಿದೆ.

“ಯವ್ವಾ, ಯಾವೂರು ನಿಂದು?” ಎಂದರು ವೀರಭದ್ರಪ್ಪನವರು.

“ಯಾದಗಿರಿ ಹತ್ರರಿ.”

“ನಾ ಬೀದರದವ. ನಿಮ್ಮಪ್ಪ ಅಂತ ತಿಳ್ಕೊ. ಕೂಸಿನ ಒಳಗಿನ ನೀರೆಲ್ಲ ಹೊರಗ ಹೋಗ್ಯಾವು. ಅಷ್ಟು ನೀರು ವಾಪಸ್ ಒಳಗ ಹಾಕಬೇಕೋ ಬ್ಯಾಡೋ? ಲೋಟ ಎತ್ತಿ ಗಟಗಟ ಕುಡಿಸಬ್ಯಾಡ. ಒಂದೊಂದ ಚಮಚಾ ಹಾಕು. ವಾಂತಿ ಮಾಡ್ಕೊಂಡ್ರ ಸ್ವಲ್ಪ ತಡದು ಮತ್ತ ಹಾಕು. ನಿನ್ನ ಹಾಲು ಕುಡೀತಿದ್ರ ಅದನ್ನೂ ನಿಲ್ಲಿಸಬ್ಯಾಡ. ಹೆದರಬ್ಯಾಡ ಮಗಳ, ನಾ ಫೋನ್ ಇಡೂದಿಲ್ಲ.”

ಮಹಾದೇವಿ ನೆಲದ ಮೇಲೆ ಕೂತಳು. ಚಮಚ ಎತ್ತಿದಳು.

ಮೊದಲ ಚಮಚ ತುಟಿಯಿಂದ ಹೊರಗೆ ಹರಿಯಿತು. ಎರಡನೆಯದೂ. ಮೂರನೆಯದಕ್ಕೆ ಭಾಗ್ಯಾಳ ಗಂಟಲು ಅಲ್ಲಾಡಿತು. ಆಮೇಲೆ ಅವಳೇ ಬಾಯಿ ತೆರೆಯತೊಡಗಿದಳು. ಫೋನ್ ಕಟ್ ಆಗುತ್ತಿತ್ತು, ಮತ್ತೆ ಬರುತ್ತಿತ್ತು. ಪ್ರತಿ ಸಲವೂ ಅವರದು ಒಂದೇ ಪ್ರಶ್ನೆ. ಮಗು ಉಚ್ಚೆ ಹೊಯ್ದರೆ ನೀರು ಮೈಗೆ ಹತ್ತಿದೆ ಎಂದರ್ಥ ಅಂತ ಸುಜಾತಾ ಗಾರು ಓದಿ ಹೇಳಿದ್ದರು. ಜೀವಮಾನವಿಡೀ ಯಾರ ಮುಂದೆಯೂ ಎತ್ತರದ ದನಿಯಲ್ಲಿ ಮಾತಾಡದ ಆ ಮನುಷ್ಯ ತಮ್ಮ ಮನೆಯ ಹಜಾರದಲ್ಲಿ ನಿಂತು, ಅಕ್ಕಪಕ್ಕದವರೆಲ್ಲ ಕೇಳುವ ಹಾಗೆ ಕೂಗುತ್ತಿದ್ದರು.

“ಉಚ್ಚಿ ಹೊಯ್ತಾ? ಕೂಸು ಉಚ್ಚಿ ಹೊಯ್ತಾ?”

ಸಂಜೆ ಬೆಳಕಿರುವಾಗಲೇ ಮಹಾದೇವಿ ನಾನು ಉಡಲು ಕೊಟ್ಟಿದ್ದ ಒಣ ಸೀರೆಯನ್ನು ಸಟ್ಟನೆ ಮುಟ್ಟಿ ನೋಡಿಕೊಂಡಳು. “ಹೊಯ್ತ್ರಿ!” ಎಂದಳು. ಅಳುತ್ತಿದ್ದಳು, ನಗುತ್ತಿದ್ದಳು. ಒದ್ದೆಯಾಗಿದ್ದ ಸೀರೆಯನ್ನು ನನ್ನ ಮುಂದೆ ಹಿಡಿದು ತೋರಿಸಿದಳು. ನಾನೂ ಅತ್ತೆ. ಫೋನಿನಲ್ಲಿ ವಿಷಯ ಹೇಳಿದರೆ ಆ ಕಡೆಯಿಂದ ಬರೀ ಮೂಗು ಒರೆಸಿಕೊಂಡ ಸದ್ದು ಬಂತು.

ಮರುದಿನ ನೀರಿಳಿಯಿತು. ಭಾಗ್ಯಾಳನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರು ನೋಡಿ, ಔಷಧ ಬರೆದು, “ನೀರು ಕುಡಿಸಿದ್ದು ಒಳ್ಳೇದಾಯ್ತು, ಇಲ್ಲದಿದ್ದರೆ ಕಷ್ಟ ಇತ್ತು” ಎಂದರು. ಕಷ್ಟ ಎಂದರೆ ಏನು ಅಂತ ಮಹಾದೇವಿ ಕೇಳಲಿಲ್ಲ. ನಾನೂ ಕೇಳಲಿಲ್ಲ.

ನಾನು ಅವತ್ತಿನಿಂದ ಯೋಚಿಸುತ್ತಲೇ ಇದ್ದೇನೆ. ಮಳೆಗಾಲಕ್ಕೆ ನಾವು ಏನೆಲ್ಲ ತಯಾರಿ ಮಾಡಿಕೊಳ್ಳುತ್ತೇವೆ? ಟಾರ್ಚು, ಮೇಣದಬತ್ತಿ, ಪವರ್ ಬ್ಯಾಂಕು, ಅಕ್ಕಿ, ಬೇಳೆ. ಮಾಹಿತಿಯನ್ನು ಮಾತ್ರ ‘ಬೇಕಾದಾಗ ನೋಡಿದರಾಯ್ತು’ ಎಂದು ಬಿಡುತ್ತೇವೆ. ಬೇಕಾದಾಗ ಗೂಗಲ್ ಇರುವುದಿಲ್ಲ ಸ್ವಾಮಿ! ಬೇಕಾದಾಗ ಲೈಬ್ರರಿ ನೀರಿನಾಚೆ ಇರುತ್ತದೆ. ಅಷ್ಟರೊಳಗೆ ನಮ್ಮ ತಲೆಯಲ್ಲಿ ಏನಿರುತ್ತದೋ ಅಷ್ಟೇ ನಮ್ಮದು.

ಆದರೂ ಒಂದು ಮಾತು ಒಪ್ಪಬೇಕು. ನೆಟ್‌ವರ್ಕ್ ಕೆಲಸ ಮಾಡಿತು. ನಾವು ಅಂದುಕೊಂಡ ಹಾಗಲ್ಲ, ಅಷ್ಟೇ. ಒಬ್ಬರಿಗೆ ಗೊತ್ತಿಲ್ಲದ್ದು ಇನ್ನೊಬ್ಬರಿಗೆ ಗೊತ್ತಿತ್ತು, ಮತ್ತು ಅವರ ನಂಬರ್ ಒಬ್ಬರ ಹತ್ತಿರವಾದರೂ ಇತ್ತು. ಸುಜಾತಾ ಗಾರು ಕರಪತ್ರವನ್ನು ಎಲ್ಲಿಟ್ಟಿದ್ದರು ಗೊತ್ತೇ? ಪೇಪರ್ ಓದುವ ಮೇಜಿಗೆ ದಾರದಿಂದ ಕಟ್ಟಿದ್ದರಂತೆ. ಅವರ ಲೈಬ್ರರಿಯಲ್ಲಿ ಬೆಳಿಗ್ಗೆ ಒಬ್ಬರು ಪೇಪರನ್ನು ಜೋರಾಗಿ ಓದುತ್ತಾರೆ, ಓದು ಬಾರದವರು ಸುತ್ತ ಕೂತು ಕೇಳುತ್ತಾರೆ. ಪೇಪರ್ ಮುಗಿದ ಮೇಲೆ ಕರಪತ್ರದ ಒಂದು ಭಾಗ. ಹಾಗಾಗಿ ಅವರಿಗದು ಬಾಯಿಪಾಠವಾಗಿತ್ತು. ನಮ್ಮಲ್ಲಿ ಹಾಗೆ ಓದಿದ್ದರೆ ಪೆನ್ಸಿಲ್ ಸದ್ದು ಕೇಳಿಸುತ್ತಿತ್ತು.

ಲೈಬ್ರರಿ ಮತ್ತೆ ತೆರೆದ ದಿನ ಹೋದೆ. ವೀರಭದ್ರಪ್ಪನವರು ನನ್ನ ಮುಖ ನೋಡಲಿಲ್ಲ. ಅಲ್ಮಾರಿಯ ಬೀಗ ತೆಗೆದು ಕಟ್ಟುಗಳನ್ನು ಇಳಿಸಿ, ಸುತಳಿ ಬಿಚ್ಚಿದರು. ಒಂದು ಕಟ್ಟನ್ನು ಎತ್ತಿಕೊಂಡು ಸೀದಾ ಮೂಲೆಯ ಮಿರ್ಚಿ ಭಜಿ ಗಾಡಿಗೆ ನಡೆದರು. ನಾನು ಹಿಂದೆ ಓಡಿದೆ.

“ಕನ್ನಡ ಮಾತಾಡೋ ಗಿರಾಕಿಗಿ ಕೊಡೋ ಚೀಲದಾಗ ಒಂದೊಂದು ಹಾಕಪಾ,” ಎಂದರು ಗಾಡಿಯವನಿಗೆ. ನನ್ನ ಕಡೆ ತಿರುಗಿ, “ಭಜಿ ಜೋಡಿ ಹೋದ್ರೂ ಮನಿ ಮುಟ್ಟತಾವಲ್ರಿ,” ಎಂದರು.

ಇನ್ನೊಂದು ಕಟ್ಟನ್ನು ನಾನು ಮಹಾದೇವಿಯ ಶೆಡ್ಡಿಗೆ ತಂದೆ. ಓದಬಲ್ಲವರು ಅಲ್ಲಿ ಕಡಿಮೆ. ಅದಕ್ಕೇ ಭಾನುವಾರ ಬೆಳಿಗ್ಗೆ ನಾನು ಓದುತ್ತೇನೆ, ಅವರು ಕೇಳುತ್ತಾರೆ. ಭಾಗ್ಯಾ ನನ್ನ ಸೆರಗು ಜಗ್ಗುತ್ತಿರುತ್ತಾಳೆ.

ಲೈಬ್ರರಿಯಲ್ಲೂ ಶನಿವಾರ ಸಂಜೆ ಈಗ ಜೋರು ಓದು ಇದೆ. ‘ನಿಶ್ಶಬ್ದವಾಗಿರಿ’ ಬೋರ್ಡು ಅಲ್ಲೇ ಇದೆ. ಅದರ ಕೆಳಗೇ ನಿಂತು ವೀರಭದ್ರಪ್ಪನವರು ಕರಪತ್ರವನ್ನು ಗಟ್ಟಿಯಾಗಿ ಓದುತ್ತಾರೆ. ಮೊನ್ನೆ ಶನಿವಾರ ದೇಶಪಾಂಡೆಯವರಿಗೆ ತಡೆಯಲಾಗಲಿಲ್ಲ. ಪೇಪರನ್ನು ಮೇಜಿಗೆ ಬಡಿದರು.

“ಏನ್ರಿ ಇದು, ಲೈಬ್ರರಿನೋ ಸಂತಿನೋ? ಪ್ರತಿ ವಾರ ಅದ ಉಪ್ಪು, ಅದ ಸಕ್ಕರಿ! ಎಲ್ಲಾರಿಗೂ ಗೊತ್ತಿದ್ದದ್ದ ಅಲ್ಲೇನ್ರಿ?”

ವೀರಭದ್ರಪ್ಪನವರು ಕನ್ನಡಕದ ಮೇಲಿಂದ ನೋಡಿದರು.

“ಹಂಗಾದ್ರ ಹೇಳ್ರಿ ರಾಯರ. ಒಂದ್ ಲೀಟರ್ ನೀರಿಗಿ ಉಪ್ಪು ಎಷ್ಟು? ಹೇಳಿದ್ರ ಇವತ್ತಿಂದ ಬಾಯಿ ಮುಚ್ಚತೀನಿ.”

ದೇಶಪಾಂಡೆಯವರು ಬಾಯಿ ತೆರೆದರು. ಸೂರು ನೋಡಿದರು. ಲೈಬ್ರರಿಯಲ್ಲಿ ಆಗ ಹಳೇ ಕಾಲದ ನಿಶ್ಶಬ್ದ.

ಅವರ ಬಗ್ಗೆ ನಗುವ ಮೊದಲು, ನೀವು ಇದನ್ನು ಓದುತ್ತಿರುವ ಪೇಪರನ್ನು ಒಮ್ಮೆ ಮಡಚಿಡಿ, ಮನೆಯವರಿಗೆಲ್ಲ ಕೇಳುವ ಹಾಗೆ ಜೋರಾಗಿ ಹೇಳಿ: ಉಪ್ಪು ಎಷ್ಟು?